ಕಿಟಕಿಯ ಹೂವು: ಚೀನೀ ಜನಪದ ಕಾಗದ ಚಿತ್ತಾರ ಕತ್ತರಿಸಲು, ಕಾಪಿಡಲು ಸಮಗ್ರ ಮಾರ್ಗದರ್ಶಿ

ಉತ್ತರ ಚೀನಾದ ಹಳ್ಳಿಮನೆಗಳ ಕಿಟಕಿಗಳಿಗೆ ಹಿಂದೆ ಗಾಜು ಇರಲಿಲ್ಲ. ಮರದ ಜಾಲರಿಗೆ ಬಿಳಿ ಕಾಗದ ಅಂಟಿಸುತ್ತಿದ್ದರು. ವರ್ಷವಿಡೀ ಹೊಗೆ ಧೂಳು ತಿಂದು ಕಂದಿದ ಆ ಕಾಗದವನ್ನು ವಸಂತ ಹಬ್ಬಕ್ಕೆ, ಅಂದರೆ ಚೀನೀ ಹೊಸವರ್ಷಕ್ಕೆ, ಮೊದಲು ಕಿತ್ತು ಹೊಸದು ಹಚ್ಚುತ್ತಿದ್ದರು. ಅದರ ಮೇಲೆ ಕೆಂಪು ಕಾಗದದಲ್ಲಿ ಕತ್ತರಿಸಿದ ಮೀನು, ಹುಂಜ, ದಾಳಿಂಬೆ, ಮಗುವಿನ ಚಿತ್ತಾರ ಕೂರಿಸುವುದು ಮನೆಯ ಹೆಂಗಸರ ಪಾಲಿನ ಕೆಲಸ. ಈ ಚಿತ್ತಾರಕ್ಕೆ ಅಲ್ಲಿ ‘ಚುವಾಂಗ್‌ಹುವಾ’ ಎನ್ನುತ್ತಾರೆ, ಅಂದರೆ ಕಿಟಕಿಯ ಹೂವು. ಕಾಗದ ಕತ್ತರಿಸುವ ಒಟ್ಟು ಕಲೆಗೆ ‘ಜಿಯಾನ್‌ಝಿ’ ಎಂದು ಹೆಸರು.

ಹೂವು ಒಂದು ವರ್ಷ ಕಿಟಕಿಯಲ್ಲಿದ್ದು ಹರಿದು ಹೋಗುತ್ತಿತ್ತು. ಮರುವರ್ಷ ಹೊಸದನ್ನು ಕತ್ತರಿಸುತ್ತಿದ್ದರು. ಹೀಗಿದ್ದೂ ಇದು ಹದಿನಾಲ್ಕು ಶತಮಾನಕ್ಕೂ ಹೆಚ್ಚು ಕಾಲ ಉಳಿದು ಬಂದಿದೆ. ಶಿಂಜಿಯಾಂಗ್‌ನ ತುರ್ಫಾನ್ ಬಳಿಯ ಆಸ್ತಾನಾ ಸಮಾಧಿಗಳಲ್ಲಿ 1959ರಲ್ಲಿ ಶುರುವಾದ ಉತ್ಖನನದಲ್ಲಿ 6ನೇ ಶತಮಾನದ ದುಂಡನೆಯ ಕಾಗದ ಚಿತ್ತಾರಗಳು ಸಿಕ್ಕವು. ಅವುಗಳಲ್ಲಿ ಜೋಡಿ ಕುದುರೆಗಳೂ ಜೋಡಿ ಕೋತಿಗಳೂ ಇವೆ. ಆ ಒಣ ಮರಳಿನಲ್ಲಿ ಕಾಗದ ಉಳಿಯಿತು. ಬೇರೆ ಬಹುಪಾಲು ಕಡೆ ಉಳಿದದ್ದು ಕತ್ತರಿಸುವ ಕೈ. ಆದ್ದರಿಂದ ಇಲ್ಲಿ ಕತ್ತರಿಸುವುದನ್ನೂ ಕಾಪಿಡುವುದನ್ನೂ ನಾನು ಒಟ್ಟಿಗೇ ಹೇಳುತ್ತೇನೆ. ಒಂದು ಮಾದರಿಯನ್ನು ಅದರ ಮಡಿಕೆ, ಕತ್ತರಿಸುವ ಕ್ರಮ ಮತ್ತು ಅರ್ಥದ ಸಮೇತ ಕಲಿತು ಮತ್ತೆ ಕತ್ತರಿಸಿದರೆ ಅದು ಉಳಿಯುತ್ತದೆ. ಆಲ್ಬಮ್ಮಿನಲ್ಲಿ ಅಂಟಿಸಿಟ್ಟರೆ ಅರ್ಧವಷ್ಟೇ ಉಳಿಯುತ್ತದೆ.

ಮೊದಲು ಒಂದು ಪ್ರದೇಶ ಆರಿಸಿಕೊಳ್ಳಿ

‘ಚೀನೀ ಚಿತ್ತಾರ’ ಎಂದು ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿ ಕಲಿಯಲು ಹೊರಟರೆ ಕೈಗೆ ಯಾವ ಶೈಲಿಯೂ ಹತ್ತುವುದಿಲ್ಲ. ಹೆಬೆಯ್ ಪ್ರಾಂತ್ಯದ ಯೂಷಿಯಾನ್‌ನಲ್ಲಿ ಕತ್ತರಿ ಬಳಸುವುದಿಲ್ಲ. ಚೀನೀಯರು ಕುಂಚದ ಬರಹಕ್ಕೆ, ಚಿತ್ರಕ್ಕೆ ಬಳಸುವ ತೆಳು ಶುವಾನ್ ಕಾಗದದ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿ, ಸಣ್ಣ ಚಾಕುಗಳಿಂದ ಕೊರೆದು, ಮದ್ಯದಲ್ಲಿ ಕಲಸಿದ ಬಣ್ಣವನ್ನು ಕುಂಚದಿಂದ ಮುಟ್ಟಿಸುತ್ತಾರೆ. ಮದ್ಯ ಇರುವುದರಿಂದ ಬಣ್ಣ ಪದರದಿಂದ ಪದರಕ್ಕೆ ಇಳಿಯುತ್ತದೆ. ಅಲ್ಲಿನ ನಾಟಕದ ಪಾತ್ರಗಳ ಚಿತ್ತಾರಕ್ಕೆ ಹೊಸ ಜೀವ ಕೊಟ್ಟವರು ವಾಂಗ್ ಲಾವೋಶಾಂಗ್ (1890–1951). ದಕ್ಷಿಣದ ಫೋಶಾನ್‌ನಲ್ಲಿ ತಾಮ್ರದ ತಗಡನ್ನೂ ಕಾಗದದ ಜೊತೆ ಸೇರಿಸುತ್ತಾರೆ. ಯಾಂಗ್‌ಝೌನದು ಕೂದಲೆಳೆಯಂಥ ನಾಜೂಕಿನ ಹೂಬಳ್ಳಿ. ಶಾನ್‌ಷಿ ಪ್ರಾಂತ್ಯದ ಯಾನ್‌ಆನ್ ಸೀಮೆಯ ಆನ್‌ಸಾಯ್‌ನಲ್ಲಿ ರೇಖೆ ದಪ್ಪ, ಆಕಾರ ಧೈರ್ಯದ್ದು, ಸಾಧನ ಮನೆಯ ಕತ್ತರಿ ಒಂದೇ.

ಹೊಸಬರಿಗೆ ನಾನು ಹೇಳುವುದು ಆನ್‌ಸಾಯ್ ಶೈಲಿ. ಇದು ಸುಲಭದ ಶೈಲಿ ಅಂತಲ್ಲ. ದಪ್ಪ ರೇಖೆಯಲ್ಲಿ ಕೈ ನಡುಗಿದ್ದು ಎದ್ದು ಕಾಣುತ್ತದೆ, ಮತ್ತು ಹಾಗೆ ಕಂಡರೇ ತಿದ್ದಿಕೊಳ್ಳಲು ಆಗುವುದು. ಕೆಳಗಿನ ಹಂತಗಳೆಲ್ಲ ಈ ಶೈಲಿಯನ್ನು ಮನಸ್ಸಿನಲ್ಲಿಟ್ಟು ಬರೆದವು.

ಕತ್ತರಿ ಮತ್ತು ಕಾಗದ

ಕತ್ತರಿಯ ಹಿಡಿ ಉದ್ದ, ಅಲಗು ಗಿಡ್ಡ ಇರಬೇಕು. ಎರಡೂ ಅಲಗು ತುದಿಯವರೆಗೆ ಸರಿಯಾಗಿ ಕೂಡಬೇಕು. ಒದ್ದೆ ಮಾಡಿದ ತೆಳು ಹತ್ತಿಬಟ್ಟೆಯನ್ನು ಅಲಗಿನ ತುದಿಯಿಂದಷ್ಟೇ ಕತ್ತರಿಸಿ ನೋಡಿ. ಬಟ್ಟೆ ಮಡಚಿಕೊಂಡು ಅಲಗಿನ ನಡುವೆ ಸಿಕ್ಕಿಕೊಂಡರೆ ಆ ಕತ್ತರಿ ಬೇಡ. ಕಸೂತಿ ದಾರಕ್ಕೆ ಬಳಸುವ ಮೊನಚು ಕತ್ತರಿ ಶುರುವಿಗೆ ಸಾಕು.

ಕಾಗದ ತೆಳ್ಳಗಿರಬೇಕು, ಬಣ್ಣ ಬಿಡಬಾರದು. ನಮ್ಮಲ್ಲಿ ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಗಾಳಿಪಟದ ಕಾಗದ ಎಂಟು ಪದರ ಮಡಿಸಿದರೂ ಕತ್ತರಿಗೆ ಭಾರವಾಗುವುದಿಲ್ಲ. ಕ್ರಾಫ್ಟ್ ಕೆಲಸದ ದಪ್ಪ ಹಾಳೆ, ಹೊಳೆಯುವ ಹಾಳೆ ಎರಡೂ ಬೇಡ. ಮಡಿಕೆಯಲ್ಲಿ ಅವು ಬಿರಿಯುತ್ತವೆ. ಬಣ್ಣ ಕೆಂಪೇ ಇರಲಿ. ಅದು ಹಬ್ಬದ, ಮದುವೆಯ ಬಣ್ಣ. ಬಿಳಿ ಕಾಗದದ ಚಿತ್ತಾರ ಅಲ್ಲಿ ಸಾವಿನ ಮನೆಗೂ ಸಮಾಧಿಗೂ ಸೇರಿದ್ದು. ಚೀನೀ ಗೆಳೆಯರ ಮನೆಗೆ ಉಡುಗೊರೆ ಒಯ್ಯುವವರು ಇದನ್ನು ಮರೆಯಬಾರದು.

ಎರಡು ಗುರುತುಗಳು: ಬಿದಿಗೆ ಚಂದ್ರ ಮತ್ತು ಗರಗಸದ ಹಲ್ಲು

ಅಕ್ಷರಾಭ್ಯಾಸ ಇಲ್ಲಿಂದ ಶುರು. ಇವೆರಡು ಕೈಗೆ ಬಂದರೆ ಆನ್‌ಸಾಯ್‌ನ ಬಹುಪಾಲು ಚಿತ್ತಾರ ಓದಲು ಬರುತ್ತದೆ. ಇವೆರಡೂ ಬಾರದೆ ಎಷ್ಟು ಮಾದರಿ ನಕಲು ಮಾಡಿದರೂ ಸತ್ತ ನಕಲೇ.

ಬಿದಿಗೆ ಚಂದ್ರನಿಗೆ ಕಾಗದವನ್ನು ಎಡಗೈಯಲ್ಲಿ ಸಡಿಲಾಗಿ ಹಿಡಿಯಿರಿ. ಚಂದ್ರ ಬರಬೇಕಾದ ಜಾಗದ ನಡುವೆ ಕತ್ತರಿಯ ಮೊನೆ ಚುಚ್ಚಿ, ಒಂದು ಕೊಂಬಿನ ತುದಿಯವರೆಗೆ ಕತ್ತರಿಸಿ. ಅಲ್ಲಿಂದ ಹೊರಬಾಗನ್ನು ಒಂದೇ ಉಸಿರಿನಲ್ಲಿ ಇನ್ನೊಂದು ಕೊಂಬಿಗೆ ಒಯ್ಯಿರಿ, ಆಮೇಲೆ ಒಳಬಾಗಿನ ಮೇಲೆ ಹಿಂದಿರುಗಿ. ನಡು ಅಗಲ, ತುದಿಗಳು ಚೂಪು. ಕತ್ತರಿ ಇದ್ದಲ್ಲೇ ಇರಲಿ, ತಿರುಗಬೇಕಾದದ್ದು ಕಾಗದ. ಕೈ ಪಳಗಿದವರು ಕತ್ತರಿಸುವುದನ್ನು ನೋಡಿ, ಬಲಗೈ ತೆರೆದು ಮುಚ್ಚುವುದಷ್ಟೇ ಮಾಡುತ್ತದೆ, ರೇಖೆಯನ್ನು ಎಳೆಯುವುದು ಎಡಗೈ. ಈ ಚಂದ್ರನೇ ಹುಬ್ಬು, ಬಟ್ಟೆಯ ನಿರಿಗೆ, ಮೀನಿನ ಹುರುಪೆ, ಎಸಳಿನ ಮಡಿಕೆ ಎಲ್ಲವೂ ಆಗುತ್ತದೆ.

ಗರಗಸದ ಹಲ್ಲು ಹೆಚ್ಚು ತಾಳ್ಮೆ ಕೇಳುತ್ತದೆ. ಮೊದಲು ಒಂದು ಬಾಗಿದ ಸೀಳು ಕತ್ತರಿಸಿ. ಆಮೇಲೆ ಆ ಸೀಳಿನ ಒಂದೇ ಅಂಚಿನುದ್ದಕ್ಕೂ ಕಿರಿದಾದ ತ್ರಿಕೋನಗಳನ್ನು ತೆಗೆಯುತ್ತ ಹೋಗಿ. ಒಂದು ಹಲ್ಲಿಗೆ ಎರಡು ಕತ್ತರಿಕೆ: ಹೋಗುವಾಗ ಒಂದು, ಬರುವಾಗ ಒಂದು. ಎರಡೂ ಬುಡದಲ್ಲಿ ಕೂಡಬೇಕು. ಕೂಡದಿದ್ದರೆ ಚೂರು ನೇತಾಡುತ್ತದೆ, ಕೈಯಿಂದ ಎಳೆದರೆ ಅಂಚು ಜೂಲಾಗುತ್ತದೆ. ಸೀಳಿನ ನಡುವೆ ಹಲ್ಲು ಉದ್ದ, ಎರಡೂ ತುದಿಗೆ ಹೋಗುತ್ತ ಗಿಡ್ಡ. ಹುಂಜದ ಗರಿ, ಹುಲಿಯ ರೋಮ, ಹೂವಿನ ಕೇಸರ ಎಲ್ಲಕ್ಕೂ ಇದೇ. ಹಲ್ಲುಗಳು ಒತ್ತೊತ್ತಾಗಿದ್ದರೆ ಮೈ ಮೃದುವಾಗಿ ಕಾಣುತ್ತದೆ, ದೂರ ದೂರವಾದರೆ ಒರಟು. ಹಳೆಯ ತುಣುಕೊಂದನ್ನು ಭೂತಗನ್ನಡಿಯಲ್ಲಿ ನೋಡಿದರೆ ಹಲ್ಲುಗಳ ಈ ಏರಿಳಿತದಲ್ಲೇ ಕತ್ತರಿಸಿದವಳ ಕೈ ಸಿಗುತ್ತದೆ.

ಮೊದಲ ಕೆಲಸ: ದುಂಡು ಹೂವು

ತುರ್ಫಾನ್‌ನಲ್ಲಿ ಸಿಕ್ಕಿದ್ದೂ ಇದೇ ಜಾತಿ, ‘ತುವಾನ್‌ಹುವಾ’. 15 ಸೆಂಟಿಮೀಟರ್ ಚೌಕದ ಕಾಗದ ತೆಗೆದುಕೊಳ್ಳಿ. ಬಣ್ಣದ ಮೈ ಒಳಗೆ ಬರುವಂತೆ ಮೂಲೆಗೆ ಮೂಲೆ ಸೇರಿಸಿ ಮಡಿಸಿ. ಬಂದ ತ್ರಿಕೋನವನ್ನು ಅರ್ಧ ಮಾಡಿ, ಮತ್ತೊಮ್ಮೆ ಅರ್ಧ ಮಾಡಿ. ಈಗ ಕೈಯಲ್ಲಿ ಎಂಟು ಪದರ, ಕಾಗದದ ನಡುಬಿಂದು ಇರುವ ತುದಿಯ ಕೋನ 45 ಡಿಗ್ರಿ. ಪ್ರತಿ ಮಡಿಕೆಯನ್ನೂ ಉಗುರಿನಿಂದ ಒತ್ತಿ ತೀಡಿ. ಮೊದಲ ಮಡಿಕೆ ಒಂದು ಮಿಲಿಮೀಟರ್ ತಪ್ಪಿದರೂ ಕೊನೆಗೆ ಒಂದು ಎಸಳು ದಪ್ಪ, ಒಂದು ಸಣ್ಣ ಆಗುತ್ತದೆ.

ಪದರಗಳು ಜಾರದಂತೆ, ಬಿದ್ದುಹೋಗುವ ಭಾಗದಲ್ಲಿ ಸೂಜಿದಾರದಿಂದ ಎರಡು ಹೊಲಿಗೆ ಹಾಕಿ. ಹಳ್ಳಿಗಳಲ್ಲಿ ಕಾಗದವನ್ನೇ ಬತ್ತಿಯಂತೆ ಹೊಸೆದು ತೂತಿನಲ್ಲಿ ತೂರಿಸುವುದೂ ಉಂಟು. ಸ್ಟೇಪ್ಲರ್ ಬೇಡ, ಪಿನ್ನಿಗೆ ತಾಗಿ ಅಲಗು ಹಾಳು.

ಕತ್ತರಿಸುವ ಕ್ರಮ ಇಲ್ಲಿ ಮುಖ್ಯ. ಮೊದಲು ಒಳಗಿನದು, ಆಮೇಲೆ ಹೊರಗಿನದು. ಮೊದಲು ಸಣ್ಣದು, ಆಮೇಲೆ ದೊಡ್ಡದು. ಹೊರ ಅಂಚನ್ನು ಮೊದಲೇ ಕತ್ತರಿಸಿದರೆ ಒಳಗಿನ ಕೆಲಸಕ್ಕೆ ಹಿಡಿಯಲು ಕಾಗದವೇ ಉಳಿಯುವುದಿಲ್ಲ. ಬೆಣೆಯ ನಡುವೆ ಒಂದೆರಡು ಚಂದ್ರ ತೆಗೆಯಿರಿ. ಎರಡೂ ಮಡಿಕೆಯ ಅಂಚಿನಲ್ಲಿ ಎಲೆ, ಹನಿ, ಹಲ್ಲಿನ ಅರ್ಧ ಆಕಾರಗಳನ್ನು ಕತ್ತರಿಸಿ, ಬಿಚ್ಚಿದಾಗ ಅವು ಪೂರ್ತಿಯಾಗುತ್ತವೆ. ಪ್ರತಿ ಮಡಿಕೆಯ ಅಂಚಿನಲ್ಲೂ ಕನಿಷ್ಠ ಮೂರನೇ ಒಂದು ಭಾಗ ಕತ್ತರಿ ಮುಟ್ಟದೆ ಇರಬೇಕು. ಆ ಉಳಿದ ಭಾಗಗಳೇ ಕೊಂಡಿ, ಅವಿಲ್ಲದಿದ್ದರೆ ಹೂವು ಬಿಡಿಬಿಡಿಯಾಗಿ ಉದುರುತ್ತದೆ. ನಡುಬಿಂದುವಿನ ಆ ಚೂಪು ತುದಿಯನ್ನು ಸ್ವಲ್ಪವೇ ಕತ್ತರಿಸಿದರೆ ನಡುವಿನ ಕಣ್ಣು ಬರುತ್ತದೆ. ಕೊನೆಯದಾಗಿ, ತುದಿಯಿಂದ ಎಲ್ಲ ಕಡೆಗೂ ಸಮದೂರದಲ್ಲಿ ಹೊರ ಅಂಚನ್ನು ಕಮಾನಾಗಿ ಕತ್ತರಿಸಿ.

ಬಿಚ್ಚುವಾಗ ಅವಸರ ಬೇಡ. ಪದರಗಳ ನಡುವೆ ಚೂರು ಸಿಕ್ಕಿಕೊಂಡಿರುತ್ತದೆ, ಮೊದಲು ಅವನ್ನು ಸೂಜಿಮೊನೆಯಿಂದ ತೆಗೆಯಿರಿ. ಬಿಚ್ಚಿದ್ದನ್ನು ಒಂದು ರಾತ್ರಿ ದಪ್ಪ ಪುಸ್ತಕದಡಿ ಇಡಿ. ಇಸ್ತ್ರಿಪೆಟ್ಟಿಗೆ ತಾಗಿಸಬೇಡಿ.

ಎರಡನೆಯ ಕೆಲಸ: ಮೀನು ಮತ್ತು ಕಮಲ

ಇದರಲ್ಲಿ ಮಡಿಕೆ ಇಲ್ಲ, ಆದ್ದರಿಂದ ಸಮತೋಲ ನಿಮ್ಮ ಕೈಯಲ್ಲೇ. ಚೀನೀ ಜನಪದ ಚಿತ್ತಾರದಲ್ಲಿ ಉಚ್ಚಾರಣೆಯೇ ಎಷ್ಟೋ ಸಲ ಅರ್ಥ ಹೊರುತ್ತದೆ. ಮೀನು ಮತ್ತು ಸಮೃದ್ಧಿ ಎರಡಕ್ಕೂ ‘ಯೂ’, ಕಮಲ ಮತ್ತು ಎಡೆಬಿಡದಿರುವುದು ಎರಡಕ್ಕೂ ‘ಲಿಯಾನ್’. ಹೀಗೆ ಮೀನು ಕಮಲ ಜೊತೆಗಿದ್ದರೆ ವರ್ಷ ವರ್ಷವೂ ಮನೆಯಲ್ಲಿ ಮಿಗುತ್ತಿರಲಿ ಎಂಬ ಹಾರೈಕೆ. ಬಾವಲಿ ಶುಭವಾದದ್ದೂ ಹೀಗೆಯೇ, ‘ಫು’ ಎಂದರೆ ಬಾವಲಿಯೂ ಹೌದು ಭಾಗ್ಯವೂ ಹೌದು. ಐದು ಬಾವಲಿಗಳು ದೀರ್ಘಾಯುಷ್ಯದ ಅಕ್ಷರವನ್ನು ಸುತ್ತಿರುವ ಚಿತ್ತಾರ ಇದರಿಂದಲೇ ಹುಟ್ಟಿದ್ದು.

ಆದರೆ ಉತ್ತರ ಶಾನ್‌ಷಿಯ ಮದುವೆ ಕೋಣೆಗೆ ಬಂದರೆ ಅದೇ ಮೀನು ಕಮಲಕ್ಕೆ ಇನ್ನೊಂದು ಅರ್ಥ: ಮೀನು ಗಂಡು, ಕಮಲ ಹೆಣ್ಣು, ಮೀನು ಕಮಲದೊಡನೆ ಆಡುವುದು ಸಂತಾನದ ಹಾರೈಕೆ. ಹಾಗೆಯೇ ಮೊಲವನ್ನು ಸುತ್ತಿಕೊಂಡ ಹಾವು, ವರ್ಷಕ್ಕೊಂದು ಪ್ರಾಣಿಯ ಹೆಸರಿರುವ ಚೀನೀ ಪಂಚಾಂಗದ ಹಾವಿನ ವರ್ಷ, ಮೊಲದ ವರ್ಷಗಳಲ್ಲಿ ಹುಟ್ಟಿದ ವಧೂವರರಿಗೆ ಸಿರಿ ತರುವ ಜೋಡಿ. ಯಾನ್‌ಆನ್‌ನಲ್ಲಿ ಬಹುಕಾಲ ಇದ್ದು ಈ ಹೆಂಗಸರ ಚಿತ್ತಾರಗಳನ್ನು ಅಭ್ಯಾಸ ಮಾಡಿದ ಕಲಾವಿದ ಜಿನ್ ಝಿಲಿನ್ ಅವರು ತೋರಿಸಿಕೊಟ್ಟದ್ದು ಇದನ್ನೇ. ಹಳ್ಳಿಯ ಚಿತ್ತಾರದಡಿಯಲ್ಲಿ ಪುರಾತನ ನಂಬಿಕೆಯ ಪದರವಿದೆ, ಅದನ್ನು ಬರಿಯ ಅಲಂಕಾರ ಎಂದು ನೋಡಿದರೆ ಅರ್ಧ ಕಳೆದುಕೊಂಡಂತೆ.

ಕತ್ತರಿಸಲು ಮೊದಲು ಮೀನಿನ ಹೊರರೇಖೆಯನ್ನು ಪೆನ್ಸಿಲಿನಲ್ಲಿ ಸಡಿಲಾಗಿ ಗುರುತು ಮಾಡಿಕೊಳ್ಳಿ. ಒಳಗಿನದನ್ನು ಬರೆಯಬೇಡಿ, ಕತ್ತರಿ ತಾನೇ ಹುಡುಕಲಿ. ಕಣ್ಣಿನಿಂದ ಶುರು ಮಾಡಿ. ಆಮೇಲೆ ಕಿವಿರಿಗೆ ಒಂದು ದೊಡ್ಡ ಚಂದ್ರ, ಮೈಗೆ ಸಾಲು ಸಾಲು ಸಣ್ಣ ಚಂದ್ರಗಳು. ಮೇಲಿನ ಸಾಲಿನ ಎರಡು ಚಂದ್ರಗಳ ನಡುವಿನ ಸಂದಿಗೆ ಕೆಳಗಿನ ಚಂದ್ರ ಬರಬೇಕು. ಬಾಲಕ್ಕೂ ರೆಕ್ಕೆಗೂ ಹಲ್ಲು. ಮೈಯನ್ನು ತುಂಬಿಟ್ಟು ಗುರುತುಗಳನ್ನು ಮಾತ್ರ ತೆಗೆದರೆ ಅದು ‘ಯಿನ್’ ಪದ್ಧತಿ. ಮೈಯನ್ನೆಲ್ಲ ತೆಗೆದು ರೇಖೆಗಳನ್ನಷ್ಟೇ ಉಳಿಸಿದರೆ ‘ಯಾಂಗ್’. ಯಾಂಗ್‌ನಲ್ಲಿ ಎಲ್ಲ ರೇಖೆ ಒಂದಕ್ಕೊಂದು ಕೂಡಿರಲೇಬೇಕು, ಯಿನ್‌ನಲ್ಲಿ ಕತ್ತರಿಸಿದ ರೇಖೆಗಳು ಒಂದಕ್ಕೊಂದು ತಾಗಲೇಬಾರದು. ಮೀನನ್ನು ಯಿನ್‌ನಲ್ಲೂ ಕಮಲದ ಎಸಳುಗಳನ್ನು ಯಾಂಗ್‌ನಲ್ಲೂ ಮಾಡಿ, ಮೀನಿನ ಬಾಯಿ ಮತ್ತು ಬಾಲ ಎಸಳಿಗೆ ತಾಗುವಂತೆ ನೋಡಿಕೊಳ್ಳಿ. ಭಾರದ್ದೂ ಹಗುರದ್ದೂ ಎದುರುಬದುರಾಗಿ ಚಿತ್ತಾರ ಎದ್ದು ಬರುತ್ತದೆ.

ಹೊಗೆಯಲ್ಲಿ ತೆಗೆಯುವ ಪ್ರತಿ

ನಕಲು ಯಂತ್ರ ಇಲ್ಲದ ಕಾಲದಲ್ಲಿ ಒಂದು ಮನೆಯ ಮಾದರಿ ಇನ್ನೊಂದು ಮನೆಗೆ ಹೋದದ್ದು ಹೊಗೆಯ ಮೂಲಕ. ನಮ್ಮ ಹೆಣ್ಣುಮಕ್ಕಳು ರಂಗೋಲಿ ಪುಸ್ತಕ ಇಟ್ಟುಕೊಳ್ಳುವಂತೆ ಅಲ್ಲಿನವರು ಈ ಮಸಿ ಹಿಡಿದ ಪ್ರತಿಗಳನ್ನು ಪುಸ್ತಕದ ಹಾಳೆಗಳ ನಡುವೆ ಸೇರಿಸಿ ಇಟ್ಟುಕೊಳ್ಳುತ್ತಿದ್ದರು. ಇದನ್ನು ಒಮ್ಮೆಯಾದರೂ ಮಾಡಿ ನೋಡಬೇಕು.

ಬಯಲಲ್ಲಿ ಮಾಡಿ, ಪಕ್ಕದಲ್ಲಿ ಒಂದು ಬಕೆಟ್ ನೀರಿರಲಿ, ಮಕ್ಕಳ ಕೈಗೆ ಕೊಡಬೇಡಿ. ಮರದ ಹಲಗೆಯ ಮೇಲೆ ತೆಳುವಾದ ಬಿಳಿ ಕಾಗದ ಹಾಸಿ ನೀರಿನಿಂದ ಒದ್ದೆ ಮಾಡಿ. ಬಿಳಿ ಕಾಗದದಲ್ಲೇ ಹೊಸದಾಗಿ ಕತ್ತರಿಸಿದ ಚಿತ್ತಾರವನ್ನು ಅದರ ಮೇಲಿಟ್ಟು, ಒದ್ದೆ ಕುಂಚದಿಂದ ನಡುವಿನಿಂದ ಅಂಚಿಗೆ ತೀಡುತ್ತ ಗಾಳಿ ಹೊರಗೆ ಹಾಕಿ. ಹಲ್ಲಿನ ತುದಿಗಳೂ ಅಂಟಿಕೊಂಡಿರಬೇಕು. ಈಗ ಹಲಗೆಯನ್ನು ಬೋರಲು ಹಿಡಿದು, ಹೊಗೆ ಕಾರುವ ಎಣ್ಣೆದೀಪದ ಅಥವಾ ಸೀಮೆಎಣ್ಣೆ ಬುಡ್ಡಿಯ ಮೇಲೆ ನಿಧಾನವಾಗಿ ಆಡಿಸಿ. ಕಾಗದ ಒದ್ದೆ ಇರುವವರೆಗೆ ಹೊತ್ತಿಕೊಳ್ಳುವುದಿಲ್ಲ, ಆದರೂ ಜ್ವಾಲೆಗೆ ತಾಗಿಸಬೇಡಿ. ಎಲ್ಲ ಕಡೆ ಸಮನಾಗಿ ಕಪ್ಪಾದ ಮೇಲೆ ಒಣಗಲು ಬಿಡಿ. ಆಮೇಲೆ ಚಿತ್ತಾರವನ್ನು ಒಂದು ಮೂಲೆಯಿಂದ ಮೆಲ್ಲಗೆ ಎಬ್ಬಿಸಿದರೆ ಕಪ್ಪಿನ ನಡುವೆ ಅದರ ಬಿಳಿ ಅಚ್ಚು ಸಿಗುತ್ತದೆ.

ಈ ಅಚ್ಚನ್ನು ನಾಲ್ಕೈದು ಕೆಂಪು ಹಾಳೆಗಳ ಮೇಲಿಟ್ಟು ಹೊಲಿದು, ಬಿಳಿಯ ಅಂಚು ಹಿಡಿದು ಕತ್ತರಿಸಬೇಕು. ಕತ್ತರಿಸುತ್ತ ಹೋದಂತೆ ಅಚ್ಚೂ ತುಂಡಾಗುತ್ತದೆ. ಮತ್ತೆ ಬೇಕೆಂದರೆ ಹೊಸ ಚಿತ್ತಾರದಿಂದ ಮತ್ತೆ ಹೊಗೆ ಹಿಡಿಯಬೇಕು. ಈ ಸುತ್ತಿನಲ್ಲಿ ಒಬ್ಬಳು ಹಲ್ಲು ಕಡಿಮೆ ಮಾಡುತ್ತಾಳೆ, ಇನ್ನೊಬ್ಬಳು ಮೀನಿನ ಮೈಯಲ್ಲಿ ಒಂದು ಹೂವು ಸೇರಿಸುತ್ತಾಳೆ. ಒಂದೇ ಕಣಿವೆಯಲ್ಲಿ ಒಂದೇ ಮೀನಿಗೆ ನೂರು ಮುಖ ಬಂದದ್ದು ಹೀಗೆ. ಇಂದು ಒಂದು ಕಂಪ್ಯೂಟರ್ ಕಡತದಿಂದ ಲೇಸರ್ ಯಂತ್ರ ಸಾವಿರಗಟ್ಟಲೆ ಕತ್ತರಿಸುತ್ತದೆ, ಪ್ಲಾಸ್ಟಿಕ್ ಸ್ಟಿಕ್ಕರಿನ ಕಿಟಕಿಹೂವುಗಳು ಅಂಗಡಿ ತುಂಬ ತೂಗುತ್ತವೆ. ಅಗ್ಗ ನಿಜ, ಆದರೆ ಅವುಗಳಲ್ಲಿ ಈ ಬೆಳವಣಿಗೆ ನಿಂತುಹೋಗುತ್ತದೆ. ನನಗೆ ಹೆಚ್ಚು ಕಳವಳವಾಗುವುದು ಈ ವಿಷಯದಲ್ಲೇ.

ಹಳೆಯ ಬಣ್ಣದ ಚಿತ್ತಾರವನ್ನು ಮಾತ್ರ ಎಂದೂ ಒದ್ದೆ ಮಾಡಬೇಡಿ. ಬಣ್ಣ ಹರಿದು ಹಾಳಾಗುತ್ತದೆ. ಅದಕ್ಕೆ ಸ್ಕ್ಯಾನರ್ ಇದೆ: 600 ಡಿಪಿಐ, ಪಕ್ಕದಲ್ಲಿ ಅಳತೆಪಟ್ಟಿ, ಎರಡೂ ಮೈ.

ಕೊಳ್ಳುವಾಗ ಗುರುತಿಸುವುದು

ಕೈಕತ್ತರಿಯ ಕೆಲಸದಲ್ಲಿ ಮೂಲೆಗಳಲ್ಲಿ ಕತ್ತರಿ ಕೂದಲೆಳೆಯಷ್ಟು ಮುಂದೆ ಹೋದ ಗುರುತು ಇರುತ್ತದೆ, ಎರಡು ಹಲ್ಲು ಒಂದೇ ತರ ಇರುವುದಿಲ್ಲ. ಲೇಸರಿನದ್ದಾದರೆ ಅಂಚು ಕೆಲವೊಮ್ಮೆ ಕಂದು, ಪ್ರತಿಗಳೆಲ್ಲ ಪಡಿಯಚ್ಚು. ಆದರೆ ಯೂಷಿಯಾನ್‌ನ ಪೇರಿಸಿ ಕೊರೆದ ಪ್ರತಿಗಳೂ ಒಂದೇ ಆಕಾರದಲ್ಲಿರುತ್ತವೆ, ಅವು ಕೈಕೆಲಸವೇ. ಅಲ್ಲಿ ನೋಡಬೇಕಾದದ್ದು ಬಣ್ಣ: ಕುಂಚ ತಾಗಿದ ಕಡೆಯಿಂದ ಹರಡಿ ಒಂದರೊಳಗೊಂದು ಬೆರೆತ ಮೃದು ಅಂಚು.

ಇಡುವುದು

ಪೂರ್ತಿ ಮೈಗೆ ಅಂಟು ಸವರಬೇಡಿ. ಗೋಧಿಹಿಟ್ಟಿನ ತೆಳು ಸರಿಯನ್ನು ನಾಲ್ಕಾರು ಕಡೆ ಚುಕ್ಕೆಯಾಗಿ ಇಟ್ಟರೆ ಸಾಕು. ಸೆಲೋಟೇಪ್, ಲ್ಯಾಮಿನೇಷನ್ ಎರಡೂ ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಕಾಗದವನ್ನೂ ಕೊಲ್ಲುತ್ತವೆ, ತೆಗೆಯಲೂ ಆಗುವುದಿಲ್ಲ. ಆಮ್ಲರಹಿತ ಕಾಗದದ ಎರಡು ಹಾಳೆಗಳ ನಡುವೆ ಚಪ್ಪಟೆಯಾಗಿ ಇಡಿ. ಕೆಂಪು ಬಣ್ಣ ಬಿಸಿಲಿಗೆ ಬೇಗ ಮಾಸುತ್ತದೆ, ಗೋಡೆಗೆ ಹಾಕಲು ಹೊಸದೊಂದನ್ನು ಕತ್ತರಿಸಿ, ಹಳೆಯದು ಕತ್ತಲಲ್ಲಿರಲಿ. ಕರಾವಳಿ ಮಲೆನಾಡಿನವರು ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಬೆಳ್ಳಿಹುಳು ಬಂದಿದೆಯೇ ಎಂದು ಆಗಾಗ ನೋಡಿ.

ದಾಖಲಿಸುವುದು

ಚೀನಾ ಸರ್ಕಾರ 2006ರಲ್ಲಿ ತನ್ನ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಮೊದಲ ರಾಷ್ಟ್ರೀಯ ಪಟ್ಟಿಗೆ ಕಾಗದ ಚಿತ್ತಾರವನ್ನು ಸೇರಿಸಿತು. 2009ರಲ್ಲಿ ಯುನೆಸ್ಕೋ ತನ್ನ ಪ್ರಾತಿನಿಧಿಕ ಪಟ್ಟಿಗೆ ಸೇರಿಸಿತು. 2011ರ ಜೂನ್ 1ರಂದು ಜಾರಿಗೆ ಬಂದ ಪರಂಪರೆ ಕಾಯ್ದೆಯ ಪ್ರಕಾರ ಗುರುತಿಸಲ್ಪಟ್ಟ ವಾರಸುದಾರ ಕಲಾವಿದರು ಶಿಷ್ಯರನ್ನು ತಯಾರು ಮಾಡಲೇಬೇಕು. ಕಾರಣವಿಲ್ಲದೆ ಮಾಡದಿದ್ದರೆ ಆ ಮಾನ್ಯತೆ ಹೋಗಬಹುದು. ಕಲಿಸುವುದನ್ನೇ ಕರ್ತವ್ಯ ಮಾಡಿರುವ ಈ ನಿಯಮ ನನಗೆ ತುಂಬ ಸರಿಯೆನಿಸುತ್ತದೆ. ಕಾಗದ ಉಳಿಸುವ ಕಾಯ್ದೆಗಿಂತ ಕೈ ಉಳಿಸುವ ಕಾಯ್ದೆ ದೊಡ್ಡದು.

ನಿಮ್ಮ ಸಂಗ್ರಹದಲ್ಲಿ ಒಂದೇ ತುಣುಕು ಇದ್ದರೂ ಇವನ್ನು ಬರೆದಿಡಿ: ಕತ್ತರಿಸಿದವರ ಹೆಸರು (ಅವರ ಒಪ್ಪಿಗೆ ಪಡೆದು), ಊರು, ವರ್ಷ, ಅವರು ಆ ಚಿತ್ತಾರಕ್ಕೆ ಕರೆಯುವ ಹೆಸರು, ಯಾವ ಸಂದರ್ಭಕ್ಕೆ ಕತ್ತರಿಸಿದ್ದು, ಕಿಟಕಿಗೋ ಮದುವೆ ಕೋಣೆಗೋ ಬಾಗಿಲಿಗೋ, ಎಷ್ಟು ಮಡಿಕೆ, ಎಲ್ಲಿಂದ ಶುರು ಮಾಡಿದರು. ಸಾಧ್ಯವಾದರೆ ಮುಖಕ್ಕಿಂತ ಕೈಗಳ ವಿಡಿಯೊ ತೆಗೆಯಿರಿ, ಎಡಗೈ ಕಾಣುವಂತೆ. ಹಳೆಯ ಸಂಗ್ರಹಗಳ ಎಷ್ಟೋ ಚಿತ್ತಾರಗಳ ಕೆಳಗೆ ಪ್ರಾಂತ್ಯದ ಹೆಸರಿದೆ, ಕತ್ತರಿಸಿದವಳ ಹೆಸರಿಲ್ಲ.

ಹೆಸರು ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಕು ಶುಲಾನ್ (1920–2004) ಅವರನ್ನೇ ನೋಡಿ. ಶಾನ್‌ಷಿಯ ಶುನ್‌ಯಿ ಜಿಲ್ಲೆಯ ಬಡ ರೈತ ಹೆಂಗಸು. 1985ರಲ್ಲಿ ಕೊರಕಲಿಗೆ ಬಿದ್ದು ಸಾವಿನ ದವಡೆಯಿಂದ ಬಂದ ಮೇಲೆ ತನ್ನನ್ನೇ ‘ಜಿಯಾನ್‌ಹುವಾ ನಿಯಾಂಗ್‌ಝಿ’, ಅಂದರೆ ಹೂ ಕತ್ತರಿಸುವ ದೇವಿ, ಎಂದು ಕರೆದುಕೊಂಡು ಗೋಡೆಯಗಲದ ಚಿತ್ರಗಳನ್ನು ಮಾಡತೊಡಗಿದರು. ಕತ್ತರಿಸುವ ಮೊದಲು ಚಿತ್ರ ಬರೆದುಕೊಳ್ಳುತ್ತಿರಲಿಲ್ಲ. ಬಣ್ಣ ಬಣ್ಣದ ಕಾಗದದಲ್ಲಿ ಚುಕ್ಕೆ, ಎಲೆ, ಪಟ್ಟೆಗಳನ್ನು ಕತ್ತರಿಸಿ, ಹಾಡಿಕೊಳ್ಳುತ್ತ ಒಂದರ ಮೇಲೊಂದು ಅಂಟಿಸುತ್ತಿದ್ದರು. ನಡುವೆ ಉಟ್ಟು ತೊಟ್ಟು ಕೂತ ದೇವಿ, ಸುತ್ತ ಸೂರ್ಯ, ಚಂದ್ರ, ಮರ, ಹಕ್ಕಿ. 1996ರಲ್ಲಿ ಯುನೆಸ್ಕೋ ಅವರಿಗೆ ಜನಪದ ಕರಕುಶಲ ಕಲೆಯ ಮಹಾ ಕಲಾವಿದೆ ಎಂಬ ಗೌರವ ಕೊಟ್ಟಿತು. ಚಿತ್ರದೊಂದಿಗೆ ಅವರ ಹೆಸರೂ ಹಾಡೂ ದಾಖಲಾದ್ದರಿಂದ ಇಂದು ಕಲಿಯುವವರಿಗೆ ಆ ಚುಕ್ಕೆಗಳ ಹಿಂದಿನ ಬದುಕು ಸಿಗುತ್ತದೆ.

ಮುಂದೆ ಯಾವ ಕ್ರಮದಲ್ಲಿ

ಮೀನಿನ ನಂತರ ಮದುವೆಯ ಜೋಡಿ-ಸುಖದ ಅಕ್ಷರ ಕತ್ತರಿಸಿ, ಒಂದು ಮಡಿಕೆಯಲ್ಲೇ ಬರುತ್ತದೆ, ನೇರ ರೇಖೆಯ ಅಭ್ಯಾಸಕ್ಕೆ ಒಳ್ಳೆಯದು. ಆಮೇಲೆ ಬೀಜ ತುಂಬಿ ಬಿರಿದ ದಾಳಿಂಬೆ. ‘ವಾನ್’ ಅಂಚುಪಟ್ಟಿ ಕತ್ತರಿಸುವಾಗ ನಮ್ಮವರಿಗೆ ಪರಿಚಯದ ಆಕಾರ ಎದುರಾಗುತ್ತದೆ. ಅದು ಬೌದ್ಧಧರ್ಮದೊಂದಿಗೆ ಭಾರತದಿಂದ ಹೋದ ಸ್ವಸ್ತಿಕ, ಅಲ್ಲಿ ಅದಕ್ಕೆ ಹತ್ತು ಸಾವಿರ, ಅಂದರೆ ಅನಂತ ಎಂಬ ಅರ್ಥ ಸೇರಿಕೊಂಡಿತು. ಎಡಕ್ಕೆ ತಿರುಗಿದ ರೂಪ ಅಲ್ಲಿ ಹೆಚ್ಚು, ಮಡಿಸಿ ಕತ್ತರಿಸಿದರೆ ದಿಕ್ಕು ಅರ್ಧದಲ್ಲಿ ತಿರುಗಿಬಿಡುತ್ತದೆ, ಆದ್ದರಿಂದ ಮಡಿಸದೆ ಕತ್ತರಿಸಿ.

ಎರಡು ತುರುಬಿನ ಮಗುವನ್ನು, ‘ಝುವಾಜಿ ವಾವಾ’ವನ್ನು, ಕೊನೆಗೆ ಇಟ್ಟುಕೊಳ್ಳಿ. ಕಾಲು ಅಗಲಿಸಿ, ಕೈ ಎತ್ತಿ ಎದುರಿಗೇ ನಿಂತ ಈ ಆಕೃತಿ ಒಂದು ಕೈಯಲ್ಲಿ ಕೋಳಿ, ಇನ್ನೊಂದರಲ್ಲಿ ಮೊಲ ಹಿಡಿದಿರುವುದುಂಟು, ಅವು ಸೂರ್ಯ ಮತ್ತು ಚಂದ್ರ. ಆನ್‌ಸಾಯ್ ಸೀಮೆಯಲ್ಲಿ ಇವಳು ಮನೆ ಕಾಯುವವಳು, ಸಂತಾನ ಕೊಡುವವಳು. ಒಂದು ಮಡಿಕೆಯಲ್ಲಿ ಇಡೀ ಮೈ ಬಂದರೂ ಕೈಯಲ್ಲಿರುವ ಎರಡು ಪ್ರಾಣಿಗಳು ಬೇರೆ ಬೇರೆಯಾದ್ದರಿಂದ ಆ ಭಾಗವನ್ನು ಮಾತ್ರ ಬಿಚ್ಚಿ ಒಂದೊಂದಾಗಿ ಕತ್ತರಿಸಬೇಕು. ಎರಡು ತೋಳು ಮತ್ತು ಕತ್ತಿನ ಬಳಿ ಕೊಂಡಿಯನ್ನು ಅರ್ಧ ಸೆಂಟಿಮೀಟರಿಗಿಂತ ಸಣ್ಣದು ಮಾಡಬೇಡಿ, ಕಿಟಕಿಗೆ ಹಚ್ಚುವಾಗ ಮೊದಲು ಹರಿಯುವುದು ಅಲ್ಲೇ.